ಎರಡು ಬೆರಳು ಸಡಿಲವಿದ್ದ ಈಜುಡುಪು

ಮನೆಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯ ಸೆಖೆಯಲ್ಲಿ ಬಗ್ಗಿ ಎದ್ದು ಮಾಡುವ ಕೆಲಸ. ಹಡಗಿನ ಎಂಜಿನಿಯರ್ ಆದರೇನು, ಬೆನ್ನು ಮನುಷ್ಯರದೇ ತಾನೆ. ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯ ತಳದಲ್ಲಿ ಮಲಗಿಸಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ಒಂದು ದಿನ ಮಾತು ಕೇಳುತ್ತದೆ, ಒಂದು ದಿನ ಕೇಳುವುದಿಲ್ಲ, ನಿನ್ನ ಹಾಗೆಯೇ. ಫೋನಿನಲ್ಲಿ ‘ಹಲೋ ಅಪ್ಪಾ’ ಎನ್ನುವಷ್ಟರಲ್ಲಿ ಸಮುದ್ರ ನಿನ್ನ ದನಿ ನುಂಗಿಬಿಡುತ್ತದೆ. ಅದಕ್ಕೇ ಈ ಕಾಗದ; ಮುಂದಿನ ಬಂದರಿನಲ್ಲಿ ನಿನ್ನ ಕೈಸೇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ನೀನು ಮಗಳಿಗೆ ಹಾಕಿದ ಷರತ್ತು ನೆನಪಿದೆಯಲ್ಲ? ‘ಈ ಸಲ ತಂಡಕ್ಕೆ ಸೇರಿದರೆ ಸರಿ, ಇಲ್ಲಾಂದ್ರೆ ಈಜು ಸಾಕು, ಕೂತು ಓದು.’ ನೀನು ಹೇಳಿ ಹಡಗು ಹತ್ತಿದೆ. ನಮ್ಮ ಕಪ್ಪೆಮರಿ ಅದನ್ನು ಎದೆಯ ಮೇಲೆ ಹೊತ್ತುಕೊಂಡೇ ಓಡಾಡುತ್ತಿದ್ದಾಳೆ. ಆಯ್ಕೆಯ ಸ್ಪರ್ಧೆ ಹೋದ ಭಾನುವಾರ ನಡೆಯಿತು. ಕೊನೆಯವಳಾಗಿ ಬಂದಳು. ಗಾಬರಿಯಾಗಬೇಡ, ಪೂರ್ತಿ ಓದು. ತಪ್ಪು ಅವಳದಲ್ಲ, ಉಡುಪಿನದು. ಉಡುಪು ತಂದವನು ನಾನು.

ಹಳೆಯದು ಕೊಳದ ಕ್ಲೋರಿನ್ ತಿಂದು ಬಣ್ಣಗೆಟ್ಟು ಬೆನ್ನಿನಲ್ಲಿ ಜೋತುಬಿದ್ದಿತ್ತು. ಅವಳಿಗೆ ತಿಳಿಸದೆ ನಾನೊಬ್ಬನೇ ಅಂಗಡಿಗೆ ಹೋದೆ. ಅವಳ ಅಳತೆಯದನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊಂಬೆಗೆ ಹೊಲಿದ ಬಟ್ಟೆಯಂತಿತ್ತು. ‘ಬೆಳೆಯೋ ಹುಡುಗಿ, ಒಂದು ಸೈಜು ದೊಡ್ಡದೇ ಕೊಡಿ’ ಅಂದೆ. ನಿನ್ನಮ್ಮ ಇದ್ದಾಗ ನಿನ್ನ ಯಾವ ಯೂನಿಫಾರ್ಮಾದರೂ ಎರಡು ಬೆರಳು ಸಡಿಲವಿಲ್ಲದೆ ಈ ಮನೆಯ ಹೊಸ್ತಿಲು ದಾಟಿತ್ತೇನು? ‘ಸ್ವಲ್ಪ ಲೂಸ್ ಅಲ್ವಾ ತಾತ?’ ಅಂದಳು ಹುಡುಗಿ. ‘ಮುಂದಿನ ವರ್ಷಕ್ಕೂ ಆಗತ್ತೆ ಬಿಡೇ’ ಅಂದು, ಸೂಜಿ ದಾರ ಹಿಡಿದು ಭುಜದ ಪಟ್ಟಿಯನ್ನು ನಾನೇ ಒಳಕ್ಕೆ ಮಡಚಿ ಹೊಲಿದೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ಎ ಸ್ಟಿಚ್ ಇನ್ ಟೈಮ್ ಸೇವ್ಸ್’ ಅನ್ನುತ್ತಿದ್ದರು. ಹೊತ್ತಿಗೆ ಹಾಕಿದ ಒಂದು ಹೊಲಿಗೆ ಎಷ್ಟು ಹೊಲಿಗೆ ಸೇವ್ಸೋ ಮರೆತಿದ್ದೇನೆ, ಏಳೋ ಒಂಬತ್ತೋ. ನನ್ನದು ಒಂದನ್ನೂ ಉಳಿಸಲಿಲ್ಲ. ಅವಳು ಧುಮುಕಿದ ಏಟಿಗೆ ದಾರ ಹರಿದು, ಕತ್ತಿನಿಂದ ನೀರು ನುಗ್ಗಿ ಉಡುಪು ಚೀಲದಂತೆ ಉಬ್ಬಿಕೊಂಡಿತು. ತುಂಬಿದ ಕೊಡವನ್ನು ಬೆನ್ನಿಗೆ ಕಟ್ಟಿಕೊಂಡು ಈಜಿದ ಹಾಗೆ ಈಜಿದಳು ಪಾಪ, ಆದರೂ ನಡುವೆ ನಿಲ್ಲಲಿಲ್ಲ.

ಅವರ ಕೋಚಮ್ಮ ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಕೇಳಿದರು, ‘ಏನ್ ತಾತ, ನೀವು ತಂದಿರೋದು ಈಜೋ ಬಟ್ಟೆನಾ, ನೀರಿನ ಟ್ಯಾಂಕಾ?’ ನಾನು ಬಾಯಿ ತೆರೆಯುವ ಮೊದಲೇ ನಿನ್ನ ಮಗಳು, ‘ತಾತಂದೇನಿಲ್ಲ ಮಿಸ್, ನಂಗೇ ಬಿಗಿ ಆದ್ರೆ ಆಗಲ್ಲ’ ಅಂದುಬಿಟ್ಟಳು. ನನ್ನ ಮಾನ ಉಳಿಸಲು ಸುಳ್ಳು ಹೇಳುವಷ್ಟು ಬೆಳೆದಿದ್ದಾಳೆ ನೋಡು. ಜ್ವರ ಬಂದು ಅವತ್ತು ಈಜಲಾಗದವರಿಗೆಂದು ನಾಳೆ ಇನ್ನೊಂದು ಸುತ್ತು ಇದೆ. ಕೋಚಮ್ಮ ಅದರಲ್ಲಿ ಇವಳನ್ನೂ ಸೇರಿಸಿಕೊಂಡಿದ್ದಾರೆ.

ನಿನ್ನೆ ಇಬ್ಬರೂ ಹೋಗಿ ಬೇರೆ ತಂದೆವು. ಅಂಗಡಿಯ ಹೆಂಗಸು ಟೇಪು ಹಿಡಿದು ಭುಜದಿಂದ ಮುಂದುಗಡೆ ಕೆಳಗಿಳಿಸಿ, ಬೆನ್ನ ಕಡೆಯಿಂದ ಮತ್ತೆ ಅದೇ ಭುಜಕ್ಕೆ ತಂದು ಅಳೆದಳು. ಎತ್ತರ, ತೂಕ ಎಲ್ಲ ಆಮೇಲೆ, ಮೊದಲು ಈ ಸುತ್ತಳತೆಯಂತೆ. ‘ಒಣಗಿದ್ದಾಗ ಬಿಗಿ ಅನ್ನಿಸ್ಬೇಕು ತಾತ, ನೀರಿಗಿಳಿದ ಮೇಲೆ ತಾನೇ ಸಡಿಲ ಬಿಡತ್ತೆ’ ಅಂದಳು. ಅಭ್ಯಾಸಕ್ಕೆ ದಪ್ಪ ಬಟ್ಟೆಯದು ಬೇರೆ, ಸ್ಪರ್ಧೆಗೆ ತೆಳುವಾದದ್ದು ಬೇರೆ. ಸ್ಪರ್ಧೆಯದನ್ನು ದಿನಾ ಹಾಕಿದರೆ ಅದರ ಬಿಗಿ ಹೋಗುತ್ತದೆ. ಕಪ್ಪೆಮರಿ ಹಾಕಿ ನೋಡುವ ಕೋಣೆಯೊಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿಂದ ಕುಸ್ತಿ ಹಿಡಿದವರ ಹಾಗೆ ಏದುಸಿರು. ‘ಊಟ ಮಾಡೋಕೆ ಜಾಗ ಇದೆಯೇನೇ?’ ಎಂದು ಬಾಗಿಲಾಚೆಯಿಂದ ಕೂಗಿದೆ. ‘ಉಸಿರಾಡೋಕಿದೆ ತಾತ, ಸಾಕು!’ ಅಂದಳು. ಕೈಯೆತ್ತಿದರೂ ಬಗ್ಗಿದರೂ ಎಲ್ಲೂ ಸುಕ್ಕಿಲ್ಲ, ಭುಜ ಕೊರೆಯುವುದೂ ಇಲ್ಲವೆಂದು ಆ ಹೆಂಗಸೇ ಒಳಹೋಗಿ ನೋಡಿ ಬಂದಳು.

ಮನೆಗೆ ಬಂದು ಬಹಳ ಯೋಚಿಸಿದೆ. ಮಕ್ಕಳಿಗೆ ಸಡಿಲ ಬಿಡುವುದೇ ಪ್ರೀತಿ ಎಂದುಕೊಂಡು ನಿನ್ನಮ್ಮನೂ ನಾನೂ ಸಂಸಾರ ಮಾಡಿದೆವು. ಆದರೆ ನೀರಿಗೆ ಮುಂದಿನ ವರ್ಷದ ಹುಡುಗಿ ಬೇಡ, ಇವತ್ತಿನವಳೇ ಬೇಕು. ನೀನೂ ಹೋದ ಭಾನುವಾರದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ತಾಯಿ. ಹೊತ್ತಿಗೆ ಸರಿಯಾಗಿ ಉಣ್ಣು, ಡೆಕ್ಕಿನ ಮೇಲೆ ಗಾಳಿಗೆ ನಿಲ್ಲುವಾಗ ಕಿವಿ ಮುಚ್ಚಿಕೋ. ಎಲ್ಲಿದ್ದರೂ ನೆಮ್ಮದಿಯಾಗಿರು.

ಇಂತಿ ನಿನ್ನ,
ಅಪ್ಪ

ವಿ.ಸೂ.: ಭಾನುವಾರ ಸಂಜೆ, ಲಕೋಟೆ ಅಂಟಿಸುವ ಮುಂಚೆ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಾಲ್ಕನೆಯವಳಾದಳು. ತಂಡಕ್ಕೆ ಮೂವರೇ. ದಾರಿಯಲ್ಲಿ ನಾನು ಪಟ್ಟಿ, ಹೊಲಿಗೆ ಎಂದು ಏನೋ ನೆಪ ತೆಗೆಯಲು ಹೋದರೆ, ‘ಬಟ್ಟೆ ಸರಿಯಾಗೇ ಇತ್ತು ತಾತ, ನಾನೇ ನಿಧಾನ’ ಅಂದಳು. ಅಳಲಿಲ್ಲ. ಈಗ ಉಂಡು ಕೈತೊಳೆಯುತ್ತಾ, ನನ್ನ ಮುಖ ನೋಡದೆ, ‘ನಾಳೆ ಐದಕ್ಕೆ ಎಬ್ಬಿಸ್ತೀಯಾ?’ ಎಂದು ಕೇಳಿದಳು. ನಿನ್ನ ಷರತ್ತಿನ ಪ್ರಕಾರ ಈಜಿಗೆ ಎಬ್ಬಿಸಬಾರದು. ಇದು ನಿನ್ನನ್ನು ಮುಟ್ಟಿ ನಿನ್ನ ಉತ್ತರ ಬರುವಷ್ಟರಲ್ಲಿ ತಿಂಗಳಾದರೂ ಆದೀತು. ಅಲ್ಲಿಯವರೆಗೆ ಮೌನಂ ಸಮ್ಮತಿ ಲಕ್ಷಣಂ ಎಂದುಕೊಳ್ಳುತ್ತೇನೆ. ಬೈಯುವುದಿದ್ದರೆ ನನಗೇ ಬೈಯಿ. ಅಲಾರಂ ಇಟ್ಟಾಯಿತು.