ಪುಟ್ಟಿಗೆ ಜ್ವರ ಬಿಟ್ಟ ಮೇಲೆ

ಚಿಕ್ಕಬಾಣಾವರ
16-9-1984, ಭಾನುವಾರ

ನನ್ನ ಭಾಗ್ಯಳಿಗೆ,

ನೀನು ಅಲ್ಲಿ ಆರೋಗ್ಯವಾಗಿದ್ದೀ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟು ಮಾಡಿಕೊಂಡಿರುತ್ತೀ, ಆಮೇಲೆ ಹೆದರಿಕೊಂಡಿರುತ್ತೀ. ಕ್ಷಮಿಸು. ಬರೆಯಲು ಕೂರುತ್ತಿದ್ದೆ, ‘ನನ್ನ ಭಾಗ್ಯಳಿಗೆ’ ಎಂದು ಬರೆದು, ಮುಂದೆ ಏನೂ ತೋಚದೆ ಎದ್ದುಬಿಡುತ್ತಿದ್ದೆ.

ಮೊದಲು ನಿನ್ನ ಸಂತೋಷದ ವಿಷಯ. ನಿಮ್ಮ ಒಸಾಕಾ ಕಾಲೇಜಿನ ಸಂಶೋಧನಾ ಪತ್ರಿಕೆಯಲ್ಲಿ ನಿನ್ನ ಲೇಖನ ಅಚ್ಚಾಗುತ್ತದೆ ಎಂದು ಓದಿ, ಕಾಗದ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ಇಲ್ಲಿ ನೀನು ತಾತ್ಕಾಲಿಕ ಅಧ್ಯಾಪಕಿಯಾಗಿದ್ದಾಗ ನಿಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ದು ನನಗಿನ್ನೂ ಮರೆತಿಲ್ಲ. ‘ಪಾಠ ಹೇಳೋಕೆ ಬಂದಿದೀರಿ, ಪಾಠ ಹೇಳಿ. ಸಂಶೋಧನೆ ಮಾಡೋಕೆ ಬೇರೆಯೋರಿದಾರೆ’ ಅಂದಿದ್ದರಲ್ಲ. ಅಲ್ಲಿ ಇಂಗ್ಲಿಷ್ ಹೇಳಿಕೊಡುವ ಪರದೇಶದ ಮೇಷ್ಟ್ರನ್ನೂ ಕರೆದು ‘ನಿಮ್ಮ ಕ್ಲಾಸಿನಲ್ಲಿ ಏನು ಕಂಡಿರಿ, ಬರೆದುಕೊಡಿ’ ಎನ್ನುತ್ತಾರೆ, ಎಲ್ಲರ ಮುಂದೆ ಓದಿಸುತ್ತಾರೆ ಎಂದು ನೀನು ಬರೆದಿದ್ದನ್ನು ನಾನು ಅವ್ವನಿಗೂ ಓದಿ ಹೇಳಿದೆ. ಅವ್ವನಿಗೆ ಅರ್ಥವಾಗಿದ್ದು ಒಂದೇ. ‘ನಮ್ ಭಾಗ್ಯನ ಎಸ್ರು ಪುಸ್ತಕದಾಗೆ ಬತ್ತದಂತೆ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಪೀಣ್ಯದ ನಮ್ಮ ಕಾರ್ಖಾನೆಯಲ್ಲೂ ಸುದ್ದಿಯಾಗಿದೆ. ಪಕ್ಕದ ಲೇತ್‌ನ ಲಕ್ಷ್ಮಣಪ್ಪ, ‘ನಿಮ್ಮನೆಯೋರು ಜಪಾನಿನೋರಿಗೇ ಪಾಠ ಬರೀತಾರಲ್ಲ ಗುರು! ನೀನ್ಯಾಕೆ ಇಲ್ಲಿ ಕಬ್ಬಿಣ ಕೆರೀತಾ ಇದೀಯ?’ ಅಂತಾನೆ. ನಗು ಬಂತು. ಬಹಳ ದಿನಕ್ಕೆ ಬಂದ ನಗು.

ಮೊರಿತಾ ಪ್ರೊಫೆಸರ್ ಕೇಳಿರುವ ವಿಷಯಕ್ಕೆ ಬರುತ್ತೇನೆ. ಜಪಾನಿ ಮಾತಿನಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೇ ಬರುತ್ತದಂತೆ. ಎರಡೂ ಕಡೆಯ ಸಣ್ಣ ಮಕ್ಕಳು ವಾಕ್ಯ ಕಟ್ಟುವುದನ್ನು ಹೇಗೆ ಕಲಿಯುತ್ತವೆ ಎಂದು ಅವರು ಬರೆಯುತ್ತಿರುವ ಪುಸ್ತಕದಲ್ಲಿ ಕನ್ನಡದ ಅಧ್ಯಾಯ ನಿನ್ನದು, ಅದಕ್ಕೆ ನೀನು ಇನ್ನೊಂದು ವರ್ಷ ಅಲ್ಲೇ ಇರಬೇಕು. ‘ರೀ, ತಿಂಗಳ ಕೊನೆಯೊಳಗೆ ಹೇಳಬೇಕು. ನೀವು ಬೇಡ ಅಂದರೆ ಬಂದುಬಿಡ್ತೀನಿ’ ಎಂದು ಬರೆದಿದ್ದೀ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇರು ಎನ್ನಲೂ ಬರುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ಜುಲೈ ಕೊನೆಯಲ್ಲಿ ನಮ್ಮ ಮಗಳು ಪುಟ್ಟಿಗೆ ಜ್ವರ ಬಂತು. ಮಳೆಗಾಲದ ಜ್ವರ ಎಂದು ನಮ್ಮ ಡಾಕ್ಟರು ಗುಳಿಗೆ ಕೊಟ್ಟರು. ಮಾರನೆಯ ದಿನ ಕತ್ತು ಬಗ್ಗಿಸಲಾರದೆ ಚೀರತೊಡಗಿದಳು. ಎತ್ತಿಕೊಂಡು ಸಿಟಿಗೆ ಓಡಿದೆ. ಮಿದುಳು ಜ್ವರ ಎಂದು ಸೇರಿಸಿಕೊಂಡರು. ಹೆದರಬೇಡ, ಜ್ವರ ಬಿಟ್ಟಿದೆ, ಈಗ ಮನೆಯಲ್ಲಿದ್ದಾಳೆ. ಆದರೆ ಆಗ ಕೆಲವು ದಿನ ಅವಳಿಗೆ ನನ್ನ ಗುರುತೇ ಇರಲಿಲ್ಲ.

ನಿನಗೆ ಯಾಕೆ ತಿಳಿಸಲಿಲ್ಲ ಎಂದು ನೀನು ಕೇಳುತ್ತೀ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತೆ. ಕೊನೆಗೂ ಲೈನ್ ಸಿಕ್ಕಿತು. ನಿಮ್ಮ ಕಾಲೇಜಿನ ಯಾರೋ ಹೆಂಗಸು ಎತ್ತಿಕೊಂಡರು. ನಾನು ‘ಭಾಗ್ಯ, ಭಾಗ್ಯಮ್ಮ, ಇಂಡಿಯಾ’ ಎಂದೆ. ಆಕೆ ಬಹಳ ಮರ್ಯಾದೆಯಿಂದ ಏನೋ ಉದ್ದಕ್ಕೆ ಹೇಳಿದರು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ‘ಬೇಬಿ, ಹಾಸ್ಪಿಟಲ್’ ಎಂದು ಕೂಗಿದೆ. ಆಕೆ ಮತ್ತೆ ಅಷ್ಟೇ ಮೆತ್ತಗೆ ಏನೋ ಹೇಳಿದರು. ಲೈನ್ ಕತ್ತರಿಸಿ ಹೋಯಿತು. ಆಪರೇಟರ್ ‘ಮಾತಾಡಿದ್ರಾ ಸಾರ್?’ ಅಂದ. ಹೂಂ ಎಂದೆ. ಇನ್ನೇನು ಹೇಳಲಿ? ನಿಮ್ಮಲ್ಲಿ ಆಗ ಬೇಸಿಗೆ ರಜ ಎಂಬುದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ತಂತಿ ಕೊಡೋಣವೆಂದು ಹೋದೆ. ಮೂರು ನಾಲ್ಕು ಮಾತಿನಲ್ಲಿ ಅದನ್ನು ಓದಿ, ಆ ದೂರದ ಊರಿನಲ್ಲಿ ನೀನು ಒಬ್ಬಳೇ ಏನಾಗುತ್ತೀಯೋ ಎಂದು ಕೌಂಟರಿನ ಮುಂದಿನಿಂದಲೇ ವಾಪಸು ಬಂದೆ. ಅಷ್ಟರಲ್ಲಿ ಜ್ವರ ಇಳಿಯತೊಡಗಿತ್ತು, ಜೀವಕ್ಕೆ ಭಯವಿಲ್ಲ ಎಂದರು. ಒಳ್ಳೆಯ ಸುದ್ದಿಯನ್ನೇ ಬರೆಯೋಣ ಎಂದುಕೊಂಡೆ.

ಈಗ ಮುದ್ದೆ ಉಣ್ಣುತ್ತಾಳೆ. ತಲೆ ಸುತ್ತಿ ಬೀಳುತ್ತಿದ್ದಳು, ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮಾತು ಮಾತ್ರ ತೀರಾ ಗಟ್ಟಿಯಾಗಿದೆ.

ಅವ್ವ ದಿನವೂ ಜಗಳ ಆಡುತ್ತಾರೆ. ‘ಅವ್ಳನ್ನ ಕರಸ್ಕೊಳ್ಳೋ ಮಗಾ. ಎತ್ತೋಳು ಅಲ್ಲಿ, ಕೂಸು ಇಲ್ಲಿ. ನಾ ಎಷ್ಟು ದಿನ ಇಂಗೆ ನೋಡ್ಕೊಳ್ಲಿ?’ ಎನ್ನುತ್ತಾರೆ. ನಾನು, ‘ಅವ್ಳಿಗೆ ಇಂಥಾದ್ದು ಇನ್ನೊಂದ್ಸಲ ಸಿಗಲ್ಲ ಅವ್ವ’ ಎಂದರೆ, ‘ಅಂಗಂದ್ರೆ ನೀನೇ ಬರೀ, ಬರಬ್ಯಾಡ ಅಂತ ಬರೀ, ನೋಡಾನ’ ಎಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಾರೆ. ನಾನು ಅದನ್ನೂ ಬರೆಯಲಾರೆ, ಇದನ್ನೂ ಬರೆಯಲಾರೆ. ನೀನು ಓದಿದವಳು, ನಿನ್ನ ಮನಸ್ಸಿಗೆ ಬಂದಂತೆ ಮಾಡು ಎಂದು ಬರೆದರೆ ನನ್ನ ಹೆಗಲ ಭಾರ ನಿನ್ನ ಹೆಗಲಿಗೆ ಹಾಕಿದ ಹಾಗೆ. ಗೊತ್ತಿದ್ದೂ ಅದನ್ನೇ ಬರೆಯುತ್ತಿದ್ದೇನೆ.

ಚಳಿ ಶುರುವಾಗುವ ಮೊದಲೇ ಉಲ್ಲನ್ ಬಟ್ಟೆ ತೆಗೆದಿಟ್ಟುಕೋ. ನೀನು ಬರೆದದ್ದು ನೂರಾರು ಜನ ಓದಲಿ. ನಮ್ಮೆಲ್ಲರ ಹಾರೈಕೆ ನಿನ್ನ ಬೆನ್ನಿಗಿದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ವೆಂಕಟರಮಣಪ್ಪ

ತಾ.ಕ.: ಕಾಗದ ಮಡಚಿ ಅಂಟಿಸಲು ಹೋದವನು ಮತ್ತೆ ಬಿಚ್ಚಿದೆ. ಇದನ್ನು ಮುಚ್ಚಿಟ್ಟು ನಿನ್ನ ತೀರ್ಮಾನ ಕೇಳುವುದು ಮೋಸ.

ಪುಟ್ಟಿಗೆ ಕಿವಿ ಕೇಳಿಸುವುದಿಲ್ಲ ಭಾಗ್ಯ. ಎರಡೂ. ಆಸ್ಪತ್ರೆಯಿಂದ ಬಂದ ಮೇಲೆ ಕರೆದರೆ ತಿರುಗುತ್ತಿರಲಿಲ್ಲ, ಸುಸ್ತು ಎಂದುಕೊಂಡೆವು. ಒಂದು ಬೆಳಿಗ್ಗೆ ಅವ್ವನ ಕೈಯಿಂದ ಹಿತ್ತಾಳೆ ಬಿಂದಿಗೆ ಜಾರಿ ಅವಳ ಬೆನ್ನ ಹಿಂದೆಯೇ ಬಿತ್ತು. ಮಗು ಅಲುಗಲಿಲ್ಲ. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ‘ನರಾನೇ ಹೋಗ್ಬಿಟ್ಟಿದೆ ಕಣ್ರೀ. ಮಷೀನ್ ಹಾಕಿದ್ರೂ ಉಪಯೋಗ ಇಲ್ಲ. ಕಲ್ತಿರೋ ಮಾತೂ ಹೋಗುತ್ತೆ, ಮನೆಯೋರು ಕೂತ್ಕೊಂಡು ಉಳಿಸ್ಕೋಬೇಕು’ ಎಂದರು. ಹೇಗೆ ಉಳಿಸುವುದು? ಮಕ್ಕಳ ಮಾತನ್ನೇ ಓದಿಕೊಂಡಿರುವ ಮೊರಿತಾ ಅವರನ್ನು ಕೇಳು. ಯಾರಿಗಾದರೂ ಗೊತ್ತಿರಬೇಕು.

ತನಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲ. ನಾವೇ ಬೇಕೆಂದು ಮಾತು ಬಿಟ್ಟಿದ್ದೇವೆ ಎಂದುಕೊಂಡಿದ್ದಾಳೆ. ನೆನ್ನೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ‘ಅಪ್ಪ, ನಾನೇನ್ ಮಾಡ್ದೆ? ಯಾಕೆ ಎಲ್ಲಾರೂ ನನ್ ಜೊತೆ ಟೂ ಬಿಟ್ಟಿದೀರಾ?’ ಎಂದು ಕೇಳಿದಳು.