ಬಾಗಿಲು ಹಾಕದೆ ಹೋದವನ ಹಾಡು

ಭಂಕೂರ
೧೨ ನವೆಂಬರ್ ೨೦೨೪, ಮಂಗಳವಾರ

ಮುದ್ದಿನ ತಮ್ಮ ಸಂಗಮೇಶ್ವರನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ಸಮುದ್ರದ ಗಾಳಿಗೆ ನಿನ್ನ ಹಳೆಯ ಕೆಮ್ಮು ಮರುಕಳಿಸಿಲ್ಲ ತಾನೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದರೆ ಚೆನ್ನಾಗಿಲ್ಲ. ಅಂಗನವಾಡಿಯ ಮಕ್ಕಳು ಮನೆಗೆ ಹೋದ ಮೇಲೆ ನನ್ನ ಜೊತೆ ಮಾತಾಡುವವರಿಲ್ಲ. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಬೇಸರವಾಗಿ ಎಷ್ಟೋ ದಿನ ಚುರುಮುರಿ ತಿಂದು ಮಲಗುತ್ತೇನೆ.

ನೀನಂತೂ ಫೋನ್ ಎತ್ತುವುದಿಲ್ಲ. ಊರಿಗೆ ಯಾವಾಗ ಬರುತ್ತೀ ಎಂದು ದೀಪಾವಳಿಗೆ ಕೇಳಿದರೆ, ಮಾತಿಲ್ಲ ಕಥೆಯಿಲ್ಲ, ಗೋವಾದ ಹೋಟೆಲಿನಲ್ಲಿ ನಿಮ್ಮ ತಂಡ ನುಡಿಸುವ, ರೆಗ್ಗೆ ಎನ್ನುತ್ತಾರಲ್ಲ, ಆ ಹಾಡು ಕಳಿಸಿ ಸುಮ್ಮನಾದೆ. ಇಂಗ್ಲಿಷ್ ಹಾಡು, ನನಗೇನು ತಿಳಿಯಬೇಕು? ಶಹಾಬಾದಿನ ನೂರಜಹಾನ್ ಟೀಚರ್ ಕೇಳಿ ಕನ್ನಡದಲ್ಲಿ ಬರೆದುಕೊಟ್ಟರು: ‘ಮನೆ ಬಿಟ್ಟು ಬಂದೆ, ಬಾಗಿಲು ಹಾಕದೆ ಬಂದೆ.’ ಹಾಗೆಂದರೇನು ಎಂದು ಕೇಳಿದೆ. “ಇವು ಗುಲಾಮರಂತ ಹಡಗಿನಾಗ ತುಂಬಿ ಒಯ್ದ ಮಂದೀ ಮಕ್ಕಳ ಹಾಡ ಅದಾವ್ರಿ ಅಕ್ಕಾ. ಮನಿ ಅಂದ್ರ ಬರೀ ಮನಿ ಅಲ್ಲ, ಕಳಕೊಂಡ ದೇಶ,” ಎಂದರು. ನೀನು ಯಾವ ದೇಶ ಕಳೆದುಕೊಂಡಿದ್ದೀಯಪ್ಪಾ? ಗೋವಾದಿಂದ ಇಲ್ಲಿಗೆ ಒಂದು ದಿನದ ಹಾದಿ.

ಸಮಾಧಾನವಾಗದೆ ನಿನ್ನೆ ಸಂಜೆ ಹಾಡನ್ನೂ ಆ ಕನ್ನಡ ಸಾಲನ್ನೂ ಭಜನೆಗೆ ಒಯ್ದೆ. ನಿನಗೇ ಗೊತ್ತಲ್ಲ, ಒಂದು ತತ್ವಪದದ ಒಳಾರ್ಥ ಬಿಡಿಸದೆ ಭಜನೆಯವರು ಇನ್ನೊಂದು ಪದ ಹಿಡಿಯುವುದಿಲ್ಲ. ಜಟ್ಟೆಪ್ಪಕಾಕಾ ಫೋನನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, “ಮನಿ ಅಂದ್ರ ದೇಹ, ಬಿಟ್ಟು ಹೋದಾಂವ ಜೀವಾತ್ಮ. ಭಾಳ ದೊಡ್ಡ ಪದ ಅದ ತಂಗಿ,” ಎಂದರು. ಎಲ್ಲರೂ ತಲೆದೂಗಿ, ತಾಳ ಹಾಕಿ, ಹಾಡಿಯೂ ಬಿಟ್ಟರು. ನೀನು ಕಳಿಸಿದ ಹಾಡು ಸಾವಿನ ಪದವಾಯಿತು. ಮಂಗಳಾರತಿಗೂ ನಿಲ್ಲದೆ ಎದ್ದು ಬಂದೆ.

ನನಗೆ ತೋಚಿದ್ದು ಬೇರೆ. ಬಾಗಿಲು ಹಾಕದೆ ಹೋದವನು ಮರಳಿ ಬರುವವನಿರಬೇಕು, ಇಲ್ಲವೇ ಆ ಮನೆಯಲ್ಲಿ ತನ್ನದೇನೂ ಉಳಿದಿಲ್ಲ ಎಂದುಕೊಂಡವನಿರಬೇಕು. ಇವೆರಡರಲ್ಲಿ ನೀನು ಯಾರು ಎಂಬುದೊಂದೇ ನನಗೆ ಬೇಕಾಗಿರುವುದು. ಕಲ್ಲು ಪಾಲಿಶ್ ಮಾಡುವ ಕೆಲಸ ತಪ್ಪಿಸಿ ನುಡಿಸಲು ಹೋಗುತ್ತೀಯೆಂದು ಸಿಟ್ಟಾಗಿ, ನಿನ್ನ ಡೋಲಕನ್ನು ಚಿಮ್ಮನಚೋಡದ ಭಜನೆಯವರಿಗೆ ಕೊಟ್ಟವಳು ನಾನು. “ಬಡಿಯಾದು ಬಿಡು, ದುಡಿಯಾದು ಕಲಿ,” ಎಂದವಳೂ ನಾನೇ. ಈಗ ಎರಡು ವರ್ಷವಾಯಿತು, ಅದೇ ಬಡಿತದಿಂದ ನೀನು ಅನ್ನ ತಿನ್ನುತ್ತಿದ್ದೀ. ನನ್ನದು ತಪ್ಪಾಯಿತು ಸಂಗಣ್ಣಾ.

ಜಟ್ಟೆಪ್ಪಕಾಕಾ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಕೈಗೆ ಬಲ ಕೊಡಲಿ.

ನಿನ್ನ ಅಕ್ಕ,
ಭಾಗಮ್ಮ

ತಾ.ಕ.: ಇದೇ ಇಪ್ಪತ್ತೇಳಕ್ಕೆ ವಾಡಿ ಸ್ಟೇಷನ್ನಿನಿಂದ ಹೊರಟು ನಿನ್ನಲ್ಲಿಗೆ ಬರುತ್ತಿದ್ದೇನೆ, ಟಿಕೆಟ್ ತೆಗೆಸಿದೆ. ಬರಬೇಡ ಎನ್ನುವುದಾದರೆ ಫೋನ್ ಮಾಡಿ ಬಾಯಿಬಿಟ್ಟು ಹೇಳು, ಮನೆಯಲ್ಲೇ ಇರುತ್ತೇನೆ. ಹಾಡು ಮಾತ್ರ ಕಳಿಸಬೇಡ. ಅದರಲ್ಲಿ ಏನೇ ಇದ್ದರೂ ನಾನು ‘ಬಾ’ ಎಂದೇ ತಿಳಿದು ಗಾಡಿ ಹತ್ತುತ್ತೇನೆ.