ನಾನು ತಿದ್ದಿದ ಅಂಕಿ

ಬೀದರ್ ದಿನ್ನೆ, ಫೆಬ್ರವರಿ ೩೦, ೨೪೧೭

ನಾನೂರು ವರ್ಷ ಹಿಂದಿನ ಹಿರಿಯರಿಗೆ ನೀಲಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಬೇಗೆಗನ್ನಡಿ ಕಾಯುವವಳು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವ ದೊಡ್ಡ ಕನ್ನಡಿ ಅದು. ಸೂರ್ಯ ಕೆರಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದಾಗ ನೂರಾರು ಕಿಲೋಮೀಟರ್ ಮೇಲಿನ ತೆಳುಗಾಳಿ ಕಾದು ಉಬ್ಬುತ್ತದೆ, ಅಲ್ಲಿ ಸುತ್ತುವ ನೌಕೆಗಳನ್ನು ತಡೆದು ಕೆಳಗಿಳಿಸುತ್ತದೆ. ಆದರೆ ಅದೇ ಕಾಂತಬಿರುಗಾಳಿ ಅಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನೂ ಹೆಚ್ಚಿಸುತ್ತದೆ. ಅದು ಕಾವನ್ನೆಲ್ಲ ಇನ್‌ಫ್ರಾರೆಡ್ ಬೆಳಕಾಗಿ ಹೊರಗೆ ಚೆಲ್ಲುತ್ತದೆ. ಬೆಳಕು ಹೆಚ್ಚಿದಷ್ಟೂ ಗಾಳಿ ಬೇಗ ತಣಿದು ಕುಗ್ಗುತ್ತದೆ. ಆ ಬೆಳಕನ್ನು ದಿನಾ ಅಳೆದು, ಅಂಕಿಯನ್ನು ಮೇಲಿನ ನೌಕೆಗಳಿಗೆ ಕಳಿಸುವುದು ನನ್ನ ಕೆಲಸ. ಅಂಕಿ ಹಿಂದಿನ ದಿನದ್ದಕ್ಕೆ ತೀರಾ ಹೊಂದದಿದ್ದರೆ ಏಣಿ ಹತ್ತಿ, ಕನ್ನಡಿ ಒರೆಸಿ, ಮತ್ತೆ ಅಳೆದೇ ಬರೆಯುವುದು ನಮ್ಮ ಪದ್ಧತಿ.

ಹೋದ ತಿಂಗಳ ಬಿರುಗಾಳಿಯ ಬೆಳಿಗ್ಗೆ ಅಂಕಿ ಏಳು ಪಟ್ಟು ಬಂತು. ಕನ್ನಡಿಯೇ ಬಿಸಿಯಾಗಿ ತಪ್ಪು ಅಂಕಿ ತೋರಿಸಿರಬೇಕು ಎಂದುಕೊಂಡೆ. ಮೊಣಕಾಲು ನೋಯುತ್ತಿತ್ತು, ಸುಗಲಾಗೆ ರೊಟ್ಟಿ ಬಡಿಯುವುದಿತ್ತು. ಏಣಿ ಹತ್ತಲಿಲ್ಲ. ಹಿಂದಿನ ದಿನದ ಅಂಕಿಯನ್ನೇ ಬರೆದು ಕಳಿಸಿದೆ.

ಸುಗಲಾ ನನ್ನ ಅಕ್ಕನ ಮಗಳು, ನಾಲ್ಕು ವರ್ಷದವಳು. ಅಕ್ಕ ಮಹಾನಂದಾ ಮೇಲೆ ನೌಕೆಯಲ್ಲಿದ್ದಾಳೆ, ಆ ವಾರವೇ ಇಳಿಯಬೇಕಿತ್ತು. ನನ್ನ ಅಂಕಿ ನಂಬಿ, ಗಾಳಿ ಇನ್ನೆಷ್ಟೋ ದಿನ ತಣಿಯದೆಂದು ಹೆದರಿ, ಇಳಿಯಲು ಇಟ್ಟುಕೊಂಡಿದ್ದ ಇಂಧನವನ್ನೆಲ್ಲ ಸುಟ್ಟು ಅವರು ಮೇಲಕ್ಕೇರಿದರು. ಗಾಳಿ ಎರಡೇ ದಿನದಲ್ಲಿ ತಣಿದು ಮೊದಲಿಗಿಂತಲೂ ತೆಳುವಾಯಿತು. ಸುಮ್ಮನೆ ಇದ್ದಲ್ಲೇ ಇದ್ದಿದ್ದರೆ ಸಾಕಿತ್ತು. ಇನ್ನು ಇಂಧನದ ನೌಕೆ ಹೋಗಲು ಹತ್ತು ತಿಂಗಳು ಬೇಕು.

ಅಕ್ಕ ದಿನಾ ಮಧ್ಯಾಹ್ನ ಕರೆ ಮಾಡುತ್ತಾಳೆ. ನನ್ನ ಅಂಕಿಯೇ ಕಾಪಾಡಿತೆಂದು ಇನ್ನೂ ನಂಬಿದ್ದಾಳೆ. "ನೀ ಇದ್ದಿ ಅಂತ ನಮ್ಮ ಜೀವ ಉಳೀತವ್ವಾ ತಂಗಿ" ಎನ್ನುತ್ತಾಳೆ. "ಅವ್ವಾ, ಯಾವಾಗ ಬರ್ತಿ?" ಎಂದು ಸುಗಲಾ ನಡುವೆ ಬಾಯಿ ಹಾಕುತ್ತಾಳೆ. ನಾನು ಹೂಂ ಎಂದು ನೆಲ ನೋಡುತ್ತೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಮ್ಮ ಉಪಗ್ರಹಗಳೂ ಈ ಬೆಳಕನ್ನು ಅಳೆದಿದ್ದವು. ನೀವು ಉಳಿಸಿಹೋದ ಕಡತಗಳಲ್ಲಿ ಇಂಥದೇ ದೊಡ್ಡ ಅಂಕಿಗಳಿವೆ, ಯಾರೂ ತಿದ್ದಿಲ್ಲ. ಅವನ್ನು ನಾನು ಓದಿದ್ದೆ. ಓದಿಯೂ ಹೀಗೆ ಮಾಡಿದೆ. ನಂಬಲಾಗದ ಅಂಕಿ ಬಂದರೂ ಹಾಗೇ ಬರೆದಿಡಿ, ದಯವಿಟ್ಟು.

ಅಕ್ಕನಿಗೆ ಹೇಳಬೇಕಾದ್ದನ್ನು ನಿಮಗೆ ಮೊದಲು ಹೇಳಿದೆ, ನೀವು ಬೈಯಲಾರಿರಿ ಎಂಬ ಧೈರ್ಯದಿಂದ. ಕರೆ ಬರುವ ಹೊತ್ತಾಯಿತು. ಸುಗಲಾಳನ್ನು ಹೊರಗೆ ಕಳಿಸಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡಿದ್ದೇನೆ. ಅವಳೂ ಕೇಳಲಿ.